ನಾರ್ವಿಚ್ ಕೆಥೆಡ್ರಲ್ ಗೋಡೆಯ ಮಾದರಿ: ಹೊರಮೈ ಕಲ್ಲಿನ ಹಂತ

ಇಂಗ್ಲೆಂಡಿನ ನಾರ್ವಿಚ್ ಕೆಥೆಡ್ರಲ್‌ನ (ಬಿಷಪ್ ಪೀಠವಿರುವ ದೊಡ್ಡ ಚರ್ಚಿನ) ಗೋಡೆಯೊಂದನ್ನು ಅಡ್ಡಲಾಗಿ ಕೊಯ್ದು ತೋರಿಸುವ 1:20 ಅಳತೆಯ ಮಾದರಿಯಲ್ಲಿ ಒಳತುಂಬುವಿಕೆ ಮುಗಿದಿದ್ದು, ಈಗ ಹೊರಮೈಯ ಕಲ್ಲುಗಳನ್ನು ಕೂರಿಸುತ್ತಿದ್ದೇನೆ. 1096ರಲ್ಲಿ ಬಿಷಪ್ ಹರ್ಬರ್ಟ್ ಡಿ ಲೊಸಿಂಗ ಆರಂಭಿಸಿದ ಈ ಕಟ್ಟಡ ನೋಡುವವರಿಗೆ ಇಡಿಯಾಗಿ ಕೆನೆಬಣ್ಣದ ಸುಣ್ಣಕಲ್ಲಿನದೆಂದೇ ತೋರುತ್ತದೆ. ಆದರೆ ದೂರದಿಂದ ತರಿಸಿದ ಆ ಕಲ್ಲು ಗೋಡೆಯ ಹೊರಪದರ ಮಾತ್ರ. ಒಳಗೆ ಇರುವುದು ಸ್ಥಳೀಯ ಚಕಮಕಿ ಕಲ್ಲು ಮತ್ತು ಸುಣ್ಣದ ಗಾರೆ. ಮಾದರಿ ತೋರಿಸಬೇಕಾದದ್ದು ಇದನ್ನೇ.

ನಾರ್ವಿಚ್ ಇರುವ ನಾರ್ಫೋಕ್ ಪ್ರಾಂತ್ಯದ ನೆಲದಲ್ಲಿ ಸೀಮೆಸುಣ್ಣದಂಥ ಮೆದುಕಲ್ಲು ಮತ್ತು ಚಕಮಕಿ ಗಡ್ಡೆಗಳು ಧಾರಾಳವಾಗಿ ಸಿಗುತ್ತವೆ, ಆದರೆ ಚೌಕವಾಗಿ ಕಡಿದು ಕೆತ್ತಬಲ್ಲ ಕಲ್ಲು ಇಲ್ಲ. ಆದ್ದರಿಂದ ಒಂದಷ್ಟು ಕಲ್ಲು ಇಂಗ್ಲೆಂಡಿನದೇ ಆದ ಬಾರ್ನಾಕ್ ಗಣಿಗಳಿಂದ ಬಂತು, ಉಳಿದದ್ದು ಈಗಿನ ಫ್ರಾನ್ಸಿನಲ್ಲಿರುವ ನಾರ್ಮಂಡಿಯ ಕಾನ್ ಪಟ್ಟಣದ ಸುತ್ತಲಿನ ಗಣಿಗಳಿಂದ. ಜುರಾಸಿಕ್ ಯುಗದ ಈ ಕಾನ್ ಕಲ್ಲಿನ ಕಣ ಬಹಳ ಸಣ್ಣದು, ಅದನ್ನು ಯಾವ ದಿಕ್ಕಿನಿಂದ ಬೇಕಾದರೂ ಕಡಿಯಬಹುದು. ಗಣಿಯ ತೇವ ಇರುವವರೆಗೆ ಮೆದುವಾಗಿದ್ದು, ಗಾಳಿಗೆ ಒಣಗಿದಂತೆ ಗಟ್ಟಿಯಾಗುತ್ತದೆ. ಹರ್ಬರ್ಟ್ ಹಿಂದೆ ನಾರ್ಮಂಡಿಯ ಫೆಕಾಂ ಮಠದಲ್ಲಿ ಇದ್ದವನು. 1070ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗಿ ಅಲ್ಲಿನ ಕೆಥೆಡ್ರಲ್ಲನ್ನು ಇದೇ ಕಲ್ಲಿನಿಂದ ಮತ್ತೆ ಕಟ್ಟಿಸಿದ ಲ್ಯಾನ್‌ಫ್ರಾಂಕ್ ಅದಕ್ಕೆ ಮೊದಲು ಕಾನ್‌ನಲ್ಲೇ ಮಠಾಧಿಪತಿಯಾಗಿದ್ದ. ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದ ಹೊಸ ಆಳರಸರಿಗೆ ಇದು ತವರಿನ ಕಲ್ಲು, ಅವರ ಕುಶಲಕರ್ಮಿಗಳಿಗೆ ಕೈಗೆ ಪಳಗಿದ ಕಲ್ಲು.

ಮಾದರಿಯ ಪಕ್ಕದಲ್ಲಿಡುವ ನಕಾಶೆಯೂ ಸಿದ್ಧವಾಗಿದೆ. ಕಲ್ಲು ಓರ್ನ್ ನದಿಯಿಂದ ಸಮುದ್ರಕ್ಕಿಳಿದು, ಇಂಗ್ಲೆಂಡಿನ ಬಂದರು ಗ್ರೇಟ್ ಯಾರ್ಮತ್ ತಲುಪಿ, ಅಲ್ಲಿಂದ ದೋಣಿಗಳಲ್ಲಿ ಯಾರ್ ಮತ್ತು ವೆನ್ಸಮ್ ನದಿಗಳನ್ನು ಏರಿ, ಕೊನೆಗೆ ಇದಕ್ಕೆಂದೇ ತೋಡಿದ ಕಾಲುವೆಯಲ್ಲಿ ಕೆಥೆಡ್ರಲ್‌ನ ಅಂಗಳಕ್ಕೇ ಬಂದು ಇಳಿಯುತ್ತಿತ್ತು. ಕಾಲುವೆ ಈಗ ಮುಚ್ಚಿಹೋಗಿದೆ. ಅದರ ಬಾಯಲ್ಲಿದ್ದ 15ನೆಯ ಶತಮಾನದ ಜಲದ್ವಾರ ಪುಲ್ಸ್ ಫೆರಿ ಎಂಬ ಹೆಸರಿನಲ್ಲಿ ಇನ್ನೂ ನಿಂತಿದೆ.

ಸಾಗಣೆಯ ಖರ್ಚು ಎಷ್ಟೋ ಸಲ ಕಲ್ಲಿನ ಬೆಲೆಯನ್ನೇ ಮೀರುತ್ತಿದ್ದ ಕಾಲದಲ್ಲಿ ಬೇಡದ ತೂಕವನ್ನು ಹಡಗಿಗೆ ಏರಿಸುವುದು ನಷ್ಟದ ಬಾಬತ್ತು, ಕಲ್ಲನ್ನು ಮೊದಲೇ ಆಕಾರಕ್ಕೆ ಕಡಿದು ಸಾಗಿಸುವುದು ಲಾಭ. 1174ರ ಬೆಂಕಿಯ ನಂತರ ಕ್ಯಾಂಟರ್‌ಬರಿಯಲ್ಲಿ ಕೆಲಸ ವಹಿಸಿಕೊಂಡ ಫ್ರೆಂಚ್ ಕಟ್ಟಡಶಿಲ್ಪಿ ಸಾನ್ಸ್‌ನ ವಿಲಿಯಂ, ಸಮುದ್ರದಾಚೆಯಿಂದ ಕಲ್ಲು ತರಿಸಿದ್ದನ್ನೂ, ಹಡಗಿಗೆ ಏರಿಸಿ ಇಳಿಸಲು ಯಂತ್ರಗಳನ್ನು ಮಾಡಿದ್ದನ್ನೂ, ಕಲ್ಲು ಕಡಿಯುವವರಿಗೆ ಆಕಾರದ ಮಾದರಿಗಳನ್ನು ಕೊಟ್ಟಿದ್ದನ್ನೂ ಅಲ್ಲಿನ ಸನ್ಯಾಸಿ ಜರ್ವೇಸ್ ಬರೆದಿಟ್ಟಿದ್ದಾನೆ. ನನಗೆ ಆ ಬರಹದಲ್ಲಿ ಬಹಳ ಅಮೂಲ್ಯವೆನಿಸುವುದು ಆಕಾರದ ಮಾದರಿಗಳ ಈ ವಿವರವೇ.

ಕಲ್ಲುಕೆಲಸದ ಅಂಗಡಿಯಲ್ಲಿ ಸಿಕ್ಕ ಸುಣ್ಣಕಲ್ಲಿನ ಚೂರುಗಳನ್ನು ತೆಳುವಾದ ಗರಗಸದಿಂದ ಕೊಯ್ದು ಹೊರಪದರಕ್ಕೆ ಬಳಸುತ್ತಿದ್ದೇನೆ. ಎಲ್ಲ ತುಂಡುಗಳನ್ನೂ ಒಂದೇ ಆಳಕ್ಕೆ ಕೊಯ್ದರೆ ಪದರವು ಒಳತುಂಬುವಿಕೆಯಿಂದ ಬೇರ್ಪಟ್ಟು ನಿಲ್ಲುತ್ತದೆ. ಆದ್ದರಿಂದ ನಡುನಡುವೆ ಉದ್ದ ಬಾಲದ ಕಲ್ಲುಗಳನ್ನಿಟ್ಟು ಗಾರೆಯೊಳಗೆ ಹುದುಗಿಸಿದ್ದೇನೆ. ಆರಂಭದ ನಾರ್ಮನ್ ಗೋಡೆಗಳಲ್ಲಿ ಸಂದುಗಳು ಅಗಲವಾಗಿದ್ದುದರಿಂದ ಗಾರೆಯ ಗೆರೆಯನ್ನು ಉಜ್ಜಿ ಮರೆಮಾಡಿಲ್ಲ.

ಮುಂದಿನ ಕೆಲಸ ನಡುಮಂಟಪದ ಸುರುಳಿಗೆರೆಯ ದುಂಡುಕಂಬ. ಅದಕ್ಕೆ ಮೊದಲು ರಟ್ಟಿನ ಅಚ್ಚು ಕತ್ತರಿಸಬೇಕು. ಏಕೆಂದರೆ ಒಂದು ಕಲ್ಲಿನ ಮೇಲಿನ ಗೆರೆ ಮುಂದಿನ ಕಲ್ಲಿನ ಗೆರೆಗೆ ಸರಿಯಾಗಿ ಕೂಡಿಕೊಂಡರೆ ಮಾತ್ರ ಸುರುಳಿ ಮುರಿಯದೆ ಮೇಲೇರುತ್ತದೆ.