ಓಲ್ಡ್ ಕೋರ್ಸ್‌ನಿಂದ ಕಾರ್ನೂಸ್ಟಿಗೆ: ಟೀ ಆಯ್ಕೆಯ ಒಂದು ಪ್ರವಾಸ

ಗಾಲ್ಫ್‌ಗೆ ಹೆಸರಾದ ಸ್ಕಾಟ್‌ಲೆಂಡ್‌ನ ಸೇಂಟ್ ಆಂಡ್ರ್ಯೂಸ್ ಊರಿಗೆ ರೈಲಿಲ್ಲ. ಎಡಿನ್‌ಬರೊದಿಂದ ಲೂಕರ್ಸ್ ನಿಲ್ದಾಣದವರೆಗೆ ಬಂದು, ಅಲ್ಲಿಂದ ಬಸ್ ಹಿಡಿಯಬೇಕು. ನಾವು ನಾಲ್ವರು ಬೇಕೆಂದೇ ಭಾನುವಾರ ತಲುಪುವಂತೆ ಹೊರಟಿದ್ದೆವು. ಸಾಮಾನ್ಯವಾಗಿ ಆ ದಿನ ಅಲ್ಲಿನ ಗಾಲ್ಫ್ ಮೈದಾನವಾದ ಓಲ್ಡ್ ಕೋರ್ಸ್‌ನಲ್ಲಿ ಆಟ ಇರುವುದಿಲ್ಲ. ಊರಿನವರು ನಾಯಿಗಳ ಜೊತೆ, ಆಟಕ್ಕೆಂದು ಹುಲ್ಲು ಕತ್ತರಿಸಿದ ಹಾದಿಯಾದ ಫೇರ್‌ವೇ ಮೇಲೆಯೇ ಅಡ್ಡಾಡುತ್ತಾರೆ, ಹೊರಗಿನವರೂ ನಡೆಯಬಹುದು. ಆಡುವ ಮೊದಲು ಬರಿಗೈಯಲ್ಲಿ ನಡೆದು ನೋಡಲು ಇಷ್ಟು ಧಾರಾಳವಾಗಿ ಬಿಟ್ಟುಕೊಡುವ ಹೆಸರಾಂತ ಮೈದಾನ ಬೇರೊಂದಿದೆ ಎಂದು ನನಗನಿಸುವುದಿಲ್ಲ.

ಹನ್ನೆರಡನೇ ಹೋಲ್‌ನ ಟೀಯಲ್ಲಿ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ, ನಿಂತರೆ ಎದುರಿಗೆ ಅಪಾಯವೆಂಬುದೇ ಕಾಣದು. ಹರಡಿಕೊಂಡ ಹುಲ್ಲು, ಅಲ್ಲಲ್ಲಿ ಉಬ್ಬುತಗ್ಗು, ಉದ್ದವೇನೂ ಇಲ್ಲದ ಪಾರ್ ನಾಲ್ಕು, ಅಂದರೆ ನುರಿತವರು ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಕುಳಿ ಇರುವ ನುಣುಪು ಹುಲ್ಲಿನ ಗ್ರೀನ್‌ವರೆಗೆ ನಡೆದು ಹಿಂತಿರುಗಿ ನೋಡಿದಾಗ ಎದೆ ಧಸಕ್ಕೆಂದಿತು. ನಾವು ದಾಟಿ ಬಂದ ಫೇರ್‌ವೇಯ ನಟ್ಟನಡುವೆ ಮರಳು ತುಂಬಿದ ಗುಂಡಿಗಳಾದ ಬಂಕರ್‌ಗಳು ಬಾಯಿ ತೆರೆದುಕೊಂಡಿದ್ದವು. ಈ ಕೋರ್ಸನ್ನು ಹಿಂದೆ ತಿರುವುಮುರುವಾಗಿಯೂ ಆಡುತ್ತಿದ್ದರು. ಆ ದಿಕ್ಕಿನಿಂದ ಬರುವವನಿಗೆ ಕಣ್ಣೆದುರೇ ಇರುವ ಬಂಕರ್‌ಗಳು ಇಂದಿನ ಆಟಗಾರನಿಗೆ ಕಾಣದಂತೆ ಅಡಗಿವೆ. ಒಂದರ ಅಂಚಿನಲ್ಲಿ ನಿಂತು ಬೇರೆ ಬೇರೆ ದೂರದಲ್ಲಿರುವ ಟೀಗಳ ಕಡೆಗೆ ಹೆಜ್ಜೆ ಹಾಕುತ್ತಾ ಅಳೆದೆ. ಹಿಂದಿನ ಟೀಯಿಂದ ಬಲವಾಗಿ ಹೊಡೆಯುವವನಿಗೆ ಅಡ್ಡ ಬರುವ ಬಂಕರ್ ಒಂದು, ಮುಂದಿನ ಟೀಯಿಂದ ಹೊಡೆಯುವವನಿಗೆ ಬೇರೊಂದು. ಟೀಯನ್ನು ಇಪ್ಪತ್ತು ಗಜ ಸರಿಸಿದರೂ ಹೋಲ್‌ನ ಪ್ರಶ್ನೆಯೇ ಬದಲಾಗುತ್ತದೆ. ಆದ್ದರಿಂದ ಯಾವ ಟೀ, ಯಾವ ಆಟಗಾರ ಎಂದು ಹೇಳದೆ ‘ಈ ಕೋರ್ಸ್ ಕಷ್ಟ’ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಹದಿನೇಳನೇ ಹೋಲ್, ಅಂದರೆ ಪ್ರಸಿದ್ಧ ರೋಡ್ ಹೋಲ್, ಇದಕ್ಕೆ ಒಳ್ಳೆಯ ಸಾಕ್ಷಿ. 455 ಗಜವಿದ್ದ ಇದನ್ನು 2010ರ ಓಪನ್ ಪಂದ್ಯಾವಳಿಗಾಗಿ 495 ಗಜಕ್ಕೆ ಹಿಗ್ಗಿಸಿದರು. ಕಿರಿದಾದ ಗ್ರೀನ್ ಓರೆಯಾಗಿ ಮಲಗಿದೆ, ಮುಂದೆ ಆಳವಾದ ಬಂಕರ್, ಹಿಂದೆ ರಸ್ತೆ. ಎರಡನೇ ಹೊಡೆತದಲ್ಲೇ ಗ್ರೀನ್ ಮುಟ್ಟಬೇಕಾದ ನುರಿತ ಆಟಗಾರನಿಗೆ ಇದು ಅಗ್ನಿಪರೀಕ್ಷೆ. ಆದರೆ ಹ್ಯಾಂಡಿಕ್ಯಾಪ್ (ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ಹೊಡೆತಗಳ ರಿಯಾಯಿತಿ) 20ರ ಆಸುಪಾಸಿನವನು ಎರಡು ಹೊಡೆತದಲ್ಲಿ ಕ್ರಮಿಸುವುದು ಸುಮಾರು 370 ಗಜ. ಹಳೆಯ ಉದ್ದದಲ್ಲೂ ಅವನಿಗೆ ಇದು ಮೂರು ಹೊಡೆತದ ಹೋಲ್. ಮೂರನೆಯದನ್ನು ಹತ್ತಿರದಿಂದ, ಬಂಕರ್‌ನಿಂದ ದೂರವಾಗಿ, ನಿಧಾನವಾಗಿ ಉರುಳಿಸಬಹುದು.

ರಾತ್ರಿ ಕೋಣೆಯಲ್ಲಿ ಸ್ಕೋರ್‌ಕಾರ್ಡ್‌ಗಳನ್ನು ಹರಡಿಕೊಂಡು ಕುಳಿತಾಗ ಪ್ರತಿ ಟೀಗೂ ಕೊಡುವ ಸ್ಲೋಪ್ ಎಂಬ ಅಂಕಿಯ ಕುರಿತು ಮಾತು ಬಂತು. ಸ್ಲೋಪ್ ಹೆಚ್ಚಿದ್ದರೆ ಕೋರ್ಸ್ ಕಷ್ಟ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಕೋರ್ಸ್ ರೇಟಿಂಗ್ ಎಂದರೆ ಆ ಟೀಯಿಂದ ಸ್ಕ್ರಾಚ್ ಆಟಗಾರನಿಂದ, ಅಂದರೆ ಹ್ಯಾಂಡಿಕ್ಯಾಪ್ ಸೊನ್ನೆಯಿರುವವನಿಂದ, ನಿರೀಕ್ಷಿಸುವ ಸ್ಕೋರ್. 55ರಿಂದ 155ರವರೆಗಿನ ಸ್ಲೋಪ್ ಹೇಳುವುದು, ಅವನಿಗೆ ಹೋಲಿಸಿದರೆ ಬೋಗಿ ಆಟಗಾರ (ಹ್ಯಾಂಡಿಕ್ಯಾಪ್ 20ರ ಆಸುಪಾಸಿನವನು) ಎಷ್ಟು ಹೆಚ್ಚು ಬವಣೆ ಪಡುತ್ತಾನೆ ಎಂಬುದನ್ನು. 113 ಅದರ ಪ್ರಮಾಣಿತ ಮಟ್ಟದ ಅಂಕಿ. ಒಂದು ಟೀಗೆ ರೇಟಿಂಗ್ 70.5, ಸ್ಲೋಪ್ 138 ಇದೆ ಎನ್ನೋಣ. ಇನ್ನೊಂದಕ್ಕೆ 73, 125. ಗಂಡಸರ ಲೆಕ್ಕದಲ್ಲಿ ಸ್ಲೋಪನ್ನು 5.381ರಿಂದ ಭಾಗಿಸಿ ರೇಟಿಂಗ್‌ಗೆ ಕೂಡಿಸಿದರೆ ಬೋಗಿ ಆಟಗಾರನ ಸ್ಕೋರ್ ಎರಡರಲ್ಲೂ ಸುಮಾರು 96. ಅವನಿಗೆ ಎರಡೂ ಒಂದೇ. ಸ್ಕ್ರಾಚ್ ಆಟಗಾರನಿಗೆ ಮಾತ್ರ, ಸ್ಲೋಪ್ ಕಡಿಮೆಯಿರುವ ಎರಡನೆಯ ಟೀಯೇ ಎರಡೂವರೆ ಹೊಡೆತ ಕಠಿಣ. ಈ ಲೆಕ್ಕ ಕಾಗದದ ಮೇಲೆ ಬಿದ್ದ ಮೇಲೆ ನಮ್ಮಲ್ಲಿ ವಾದವೇ ಉಳಿಯಲಿಲ್ಲ.

ಆಟದ ಸರದಿಗಾಗಿ ಚೀಟಿ ಎತ್ತುವ ಬ್ಯಾಲೆಟ್‌ನಲ್ಲಿ ನಮಗೆ ಸರದಿ ಸಿಕ್ಕಿತ್ತು. ಮೊದಲ ಟೀಯಲ್ಲಿ ಚೀಲ ಹೊತ್ತು ಸಲಹೆ ಕೊಡುವ ಕ್ಯಾಡಿ ಹ್ಯಾಂಡಿಕ್ಯಾಪ್ ಕೇಳಲಿಲ್ಲ. “ಸರ್, ಐದನೇ ನಂಬರ್ ಐರನ್ ಕೋಲಿನಲ್ಲಿ ಎಷ್ಟು ದೂರ ಹೊಡೆಯುತ್ತೀರಿ? ಚೆನ್ನಾಗಿ ಬಿದ್ದ ದಿನದ್ದಲ್ಲ, ದಿನನಿತ್ಯದ್ದು ಹೇಳಿ” ಎಂದರು. ಆ ದೂರವನ್ನು 36ರಿಂದ ಗುಣಿಸಿದರೆ ಹೊಂದುವ ಕೋರ್ಸ್‌ನ ಉದ್ದ ಸುಮಾರಾಗಿ ಸಿಗುತ್ತದೆ. 150 ಗಜ ಎಂದರೆ 5,400. ಅಮೆರಿಕದಲ್ಲಿ 2011ರಲ್ಲಿ ಆರಂಭವಾದ, ಮುಂದಿನ ಟೀಯಿಂದ ಆಡಿ ಎನ್ನುವ ಅಭಿಯಾನವೂ ಅತಿ ದೂರ ಹೊಡೆಯುವ ಡ್ರೈವರ್ ಕೋಲಿನಲ್ಲಿ 200 ಗಜ ಹೊಡೆಯುವವರಿಗೆ 5,200ರಿಂದ 5,400 ಗಜವನ್ನೇ ಸೂಚಿಸಿತ್ತು. ಇಲ್ಲಿಯ ಗಟ್ಟಿ ನೆಲದಲ್ಲಿ ಚೆಂಡು ಬಿದ್ದ ಮೇಲೂ ಉರುಳುತ್ತದೆ, ತುಸು ಹೆಚ್ಚು ಉದ್ದವನ್ನು ತಡೆದುಕೊಳ್ಳಬಹುದು.

ನಮ್ಮಲ್ಲಿ ಇಬ್ಬರು ಹಿಂದಿನ ಟೀಯಿಂದಲೂ ನಾನು ಮತ್ತು ನನ್ನ ತಂಗಿ ಮುಂದಿನದರಿಂದಲೂ ಆಡಿದೆವು. ಇದರಲ್ಲಿ ಯಾರಿಗೂ ಅನ್ಯಾಯವಿಲ್ಲ. 2020ರಿಂದ ಜಾರಿಯಲ್ಲಿರುವ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಆಟಗಾರನ ಹ್ಯಾಂಡಿಕ್ಯಾಪ್ ಇಂಡೆಕ್ಸನ್ನು ಸ್ಲೋಪ್‌ನಿಂದ ಗುಣಿಸಿ, 113ರಿಂದ ಭಾಗಿಸಿ, ರೇಟಿಂಗ್‌ಗೂ ಪಾರ್‌ಗೂ ಇರುವ ವ್ಯತ್ಯಾಸ ಸೇರಿಸಿ, ಆ ಟೀಯಲ್ಲಿ ಸಿಗುವ ಹೊಡೆತಗಳನ್ನು ಕಂಡುಕೊಳ್ಳುತ್ತಾರೆ. ಒಂದೇ ಟೀಗೆ ಹೆಂಗಸರ ರೇಟಿಂಗ್ ಬೇರೆ, ಗಂಡಸರದು ಬೇರೆ. ‘ಹೆಂಗಸರ ಟೀ’ ಎಂಬ ಮಾತನ್ನು ನಾವೆಲ್ಲರೂ ಬಿಟ್ಟುಬಿಡುವುದು ಒಳ್ಳೆಯದು. ಅದೊಂದು ಮಾತಿಗೆ ಅಂಜಿ ಎಷ್ಟೋ ಗಂಡಸರು ಹಿಂದಿನ ಟೀಯಿಂದಲೇ ಆಡಿ, ದಿನವಿಡೀ ದೂರದ ಹೊಡೆತದ ಫೇರ್‌ವೇ ವುಡ್ ಕೋಲಿನಲ್ಲೇ ಏಗುತ್ತಾರೆ.

ನಾವು ಆಡಬೇಕಿದ್ದ ಮುಂದಿನ ಮೈದಾನವಿರುವ ಕಾರ್ನೂಸ್ಟಿಗೆ ಹೋಗುವ ರೈಲು ಟೇ ನದಿಯ ಸೇತುವೆ ದಾಟುತ್ತದೆ. ಕಾರ್ನೂಸ್ಟಿಯಲ್ಲಿ ಇಳಿದಾಗಲೇ ಗಾಳಿ ಟೋಪಿ ಕಿತ್ತುಕೊಳ್ಳುವಂತಿತ್ತು. ರೇಟಿಂಗ್ ಮಾಡುವಾಗ ಆ ಸ್ಥಳದ ಸಾಮಾನ್ಯ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ, ಬಿರುಗಾಳಿಯನ್ನಲ್ಲ. ಅಂಥ ದಿನಕ್ಕೆಂದೇ ಆ ದಿನದ ಸ್ಕೋರ್‌ಗಳನ್ನು ನೋಡಿ ಗರಿಷ್ಠ ಮೂರು ಹೊಡೆತದವರೆಗೆ ಸರಿದೂಗಿಸುವ ವ್ಯವಸ್ಥೆ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿದೆ. ನಾವು ಮಾತ್ರ ಮೊದಲೇ ಒಂದು ಟೀ ಮುಂದಕ್ಕೆ ಬಂದೆವು.

ಹದಿನೆಂಟನೇ ಹೋಲ್‌ನಲ್ಲಿ ಬ್ಯಾರಿ ಬರ್ನ್ ಎಂಬ ತೊರೆ ಅಡ್ಡಲಾಗಿ ಹರಿಯುತ್ತದೆ. 1999ರ ಓಪನ್‌ನಲ್ಲಿ ಜೀನ್ ವಾನ್ ಡಿ ವೆಲ್ಡೆಗೆ ಗೆಲ್ಲಲು ಇಲ್ಲಿ ಆರು ಹೊಡೆತ ಸಾಕಿತ್ತು; ಏಳು ಬಿದ್ದವು, ಪ್ಲೇ‌ಆಫ್‌ನಲ್ಲಿ ಪಾಲ್ ಲಾರಿ ಗೆದ್ದರು. ನಾನು ಎದುರುಗಾಳಿಯಲ್ಲಿ ಮೂರು ಹೊಡೆತಕ್ಕೆ ಗ್ರೀನ್ ಎಂದು ಟೀಯಲ್ಲೇ ನಿಶ್ಚಯಿಸಿದೆ. ಎರಡನೆಯದನ್ನು ತೊರೆಯ ಈಚೆಗೇ ನಿಲ್ಲಿಸಿ, ಮೂರನೆಯದನ್ನು ದಾಟಿಸಿ, ಗ್ರೀನ್ ಮೇಲೆ ಉರುಳಿಸುವ ಎರಡು ಪಟ್‌ನಲ್ಲಿ ಮುಗಿಸಿ ಕಾರ್ಡ್‌ನಲ್ಲಿ ಐದು ಬರೆದುಕೊಂಡೆ. ನನ್ನ ಹ್ಯಾಂಡಿಕ್ಯಾಪ್‌ಗೆ ಆ ಗಾಳಿಯಲ್ಲಿ ಅದು ಒಳ್ಳೆಯ ಸ್ಕೋರ್.