ಔಷಧ ಪ್ರಯೋಗದ ದತ್ತಾಂಶ ಮತ್ತು ಅದನ್ನು ಬರೆದ ಹೊತ್ತು

ಕ್ಲಿನಿಕಲ್ ಟ್ರಯಲ್‌ಗಳಲ್ಲಿ (ರೋಗಿಗಳ ಮೇಲೆ ನಡೆಸುವ ಔಷಧ ಪ್ರಯೋಗಗಳಲ್ಲಿ) ಮಾಹಿತಿ ದಾಖಲಿಸುವ ಆನ್‌ಲೈನ್ ವ್ಯವಸ್ಥೆಯಿಂದ ಏನು ಲಾಭವೆಂದು ಕೇಳಿದರೆ, ತಪ್ಪು ಅಂಕಿಯನ್ನು ಪರದೆಯೇ ತಡೆಯುತ್ತದೆ ಎಂಬ ಉತ್ತರ ಮೊದಲು ಬರುತ್ತದೆ. ಅದು ಸುಳ್ಳಲ್ಲ, ಹಿಮೋಗ್ಲೋಬಿನ್ 12.5 ಇರುವಲ್ಲಿ 125 ಎಂದು ಬರೆದರೆ ತಂತ್ರಾಂಶ ಕೂಡಲೇ ಪ್ರಶ್ನೆ ಎತ್ತುತ್ತದೆ. ಆದರೆ 130 ಇದ್ದ ರಕ್ತದೊತ್ತಡವನ್ನು 120 ಎಂದು ಬರೆದರೆ ಇಂಥ ತಪಾಸಣೆ ಅದನ್ನು ಹಿಡಿಯಲಾರದು. ನನ್ನ ದೃಷ್ಟಿಯಲ್ಲಿ, ಮಾಹಿತಿಯನ್ನು ಯಾವಾಗ ಬರೆಯಲಾಯಿತು ಎಂಬುದನ್ನು ಮರೆಮಾಚಲು ಬಿಡದಿರುವುದೇ ಈ ವ್ಯವಸ್ಥೆಗಳ ದೊಡ್ಡ ಗುಣ.

2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದ 80 ಮಂದಿಯಲ್ಲಿ ಕೆಲವರಿಗೆ ಕಾಗದದ ದಿನಚರಿಯನ್ನೂ ಉಳಿದವರಿಗೆ ಎಲೆಕ್ಟ್ರಾನಿಕ್ ದಿನಚರಿಯನ್ನೂ ಕೊಟ್ಟು, ದಿನಕ್ಕೆ ಮೂರು ಬಾರಿ ನೋವಿನ ಮಟ್ಟವನ್ನು ದಾಖಲಿಸಲು ಹೇಳಲಾಗಿತ್ತು. ಕಾಗದದ ಕಡತದೊಳಗೆ ಬೆಳಕನ್ನು ಗುರುತಿಸುವ ಸಂವೇದಕವೊಂದಿದ್ದು, ಕಡತ ಯಾವಾಗ ತೆರೆಯಿತೆಂಬುದನ್ನು ಅದು ಬರೆದಿಡುತ್ತಿದ್ದ ಸಂಗತಿ ರೋಗಿಗಳಿಗೆ ತಿಳಿದಿರಲಿಲ್ಲ. ಅವರು ತಾವೇ ನಮೂದಿಸಿದ ಸಮಯವನ್ನು ನಂಬಿದರೆ ಶೇ 90ರಷ್ಟು ದಾಖಲೆಗಳು ಹೊತ್ತಿಗೆ ಸರಿಯಾಗಿ ಆಗಿದ್ದವು. ಸಂವೇದಕದ ಲೆಕ್ಕದಲ್ಲಿ ಅದು ಬರೀ ಶೇ 11. ಸುಮಾರು ಮೂರನೇ ಒಂದರಷ್ಟು ದಿನಗಳಲ್ಲಿ ಕಡತವನ್ನು ತೆರೆದೇ ಇರಲಿಲ್ಲ, ಆದರೂ ಆ ದಿನಗಳ ಪುಟಗಳು ಬಹುತೇಕ ತುಂಬಿದ್ದವು! ಎಲೆಕ್ಟ್ರಾನಿಕ್ ದಿನಚರಿಯಲ್ಲಿ ಹೊತ್ತಿಗೆ ಸರಿಯಾಗಿ ಆದ ದಾಖಲೆಗಳ ಪ್ರಮಾಣ ಶೇ 94. ನೆನಪಿನಿಂದಲೋ ಊಹೆಯಿಂದಲೋ ತುಂಬಿದ ಇಂಥ ಅಂಕಿಗಳು ಮೇಲ್ನೋಟಕ್ಕೆ ನಂಬುವಂತೆಯೇ ಇರುವುದರಿಂದ, ಎಷ್ಟು ತಪಾಸಣೆ ಜೋಡಿಸಿದರೂ ಹೊರಗೆ ಬೀಳುವುದಿಲ್ಲ.

ಆದರೆ ಫಾರ್ಮು ಅತಿ ಉದ್ದವಾದರೆ ಈ ಅನುಕೂಲವೂ ಕೈತಪ್ಪುತ್ತದೆ. ವಾರ್ಡಿನಲ್ಲಿ ಪುರುಸೊತ್ತಿಲ್ಲದ ನರ್ಸ್ ಚೀಟಿಯ ಮೇಲೆ ಗೀಚಿಕೊಂಡು ಸಂಜೆ ಒಟ್ಟಿಗೆ ಟೈಪ್ ಮಾಡಿದರೆ, ಆಡಿಟ್ ಟ್ರೇಲ್‌ನಲ್ಲಿ (ಯಾರು ಯಾವಾಗ ಏನನ್ನು ನಮೂದಿಸಿದರೆಂದು ತಂತ್ರಾಂಶ ತಾನೇ ಇಡುವ ದಾಖಲೆಯಲ್ಲಿ) ಉಳಿಯುವುದು ಟೈಪ್ ಮಾಡಿದ ಹೊತ್ತೇ ಹೊರತು ರೋಗಿಯನ್ನು ನೋಡಿದ ಹೊತ್ತಲ್ಲ. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಔಷಧಗಳನ್ನು ಪರೀಕ್ಷಿಸಿದ ಬ್ರಿಟನ್ನಿನ ರಿಕವರಿ ಟ್ರಯಲ್ ಇದನ್ನು ಅರಿತೇ ನಡೆದಂತಿತ್ತು: ರೋಗಿಯ ಸೇರ್ಪಡೆಗೆ ಚಿಕ್ಕದೊಂದು ಆನ್‌ಲೈನ್ ಫಾರ್ಮು, ಆಸ್ಪತ್ರೆಯಿಂದ ಬಿಡುಗಡೆ, ಸಾವು ಅಥವಾ 28 ದಿನ ಇವುಗಳಲ್ಲಿ ಯಾವುದು ಮೊದಲೋ ಆಗ ಇನ್ನೊಂದು, ಜೊತೆಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಕಡತಗಳಲ್ಲಿ ಆಗಲೇ ಇದ್ದ ಮಾಹಿತಿ. 2020ರ ಮಾರ್ಚಿನಲ್ಲಿ ಮೊದಲ ರೋಗಿ ಸೇರಿದರು. ವೆಂಟಿಲೇಟರ್ ಮೇಲಿದ್ದವರ ಸಾವನ್ನು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧ ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ ಎಂಬ ಫಲಿತಾಂಶ ಜೂನ್ 16ಕ್ಕೇ ಹೊರಬಿತ್ತು.