ದೋಣಿಯಲ್ಲಿ ಒಬ್ಬನೇ, ಮತ್ತೆ ಕ್ಯಾಮೆರಾ ಹಿಡಿದವರು ಯಾರು?

ಬಿಲ್ ಮೇಸನ್ ಅಂತ ಕೆನಡಾದ ಒಬ್ಬ ಮನುಷ್ಯ. ನಮ್ಮ ಕಲಬುರಗಿಯಲ್ಲಿ ಈ ಹೆಸರು ಕೇಳಿದವರು ಸಿಗೋದು ಕಷ್ಟ. ನಾನು ಮದುವೆ ವಿಡಿಯೋ ಮಾಡುವವನು, ಮುಹೂರ್ತ ಇಲ್ಲದ ತಿಂಗಳಲ್ಲಿ ಸ್ಟುಡಿಯೋದಲ್ಲಿ ಕೂತು ಹಳೇ ಡಾಕ್ಯುಮೆಂಟರಿ ನೋಡೋ ಚಟ, ಹಾಗೇ ಸಿಕ್ಕಿದ. ಅವನ ಹೆಚ್ಚಿನ ಚಿತ್ರಗಳು ಅಲ್ಲಿನ ಸರ್ಕಾರಿ ಸಂಸ್ಥೆ ನ್ಯಾಷನಲ್ ಫಿಲ್ಮ್ ಬೋರ್ಡ್‌ನವು. ಅವರ ವೆಬ್‌ಸೈಟಿನಲ್ಲಿ ಕೆಲವನ್ನು ಪುಕ್ಕಟೆ ನೋಡಬಹುದು.

1929ರಲ್ಲಿ ವಿನಿಪೆಗ್‌ನಲ್ಲಿ ಹುಟ್ಟಿದ. ಆರ್ಟ್ ಸ್ಕೂಲ್ ಮುಗಿಸಿ ಹೊಟ್ಟೆಪಾಡಿಗೆ ಜಾಹೀರಾತಿನ ಚಿತ್ರ ಬರೆದ. ಅದರಲ್ಲಿ ಕೀಳೇನೂ ಇಲ್ಲ ಬಿಡಿ, ನಮ್ಮ ಊರಿನ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದೇ ಹೆಸರು ಮಾಡಿದವರು. ಆದರೆ ಮೇಸನ್‌ಗೆ ಕಾಡು, ಕೆರೆ, ಕೆನೂ ದೋಣಿಯ ಹುಚ್ಚು. ಆ ಹುಚ್ಚೇ ಅವನನ್ನು ಸಿನಿಮಾಕ್ಕೆ ಎಳೆದು ತಂದಿತು.

1966ರ ಪ್ಯಾಡಲ್ ಟು ದ ಸೀ 28 ನಿಮಿಷದ್ದು. ಹುಡುಗನೊಬ್ಬ ಕೆತ್ತಿದ ಮರದ ಗೊಂಬೆ ದೋಣಿ, ಹಿಮ ಕರಗಿದ ನೀರಲ್ಲಿ ಜಾರಿ, ದೊಡ್ಡ ದೊಡ್ಡ ಸರೋವರ ದಾಟಿ ಸಮುದ್ರ ಸೇರುತ್ತೆ. ಅಷ್ಟೇ ಕಥೆ. ಆಸ್ಕರ್‌ಗೆ ನಾಮಿನೇಟ್ ಆಯ್ತು. ಆಮೇಲೆ ತೋಳಗಳ ಮೇಲೆ ಚಿತ್ರ ಮಾಡಲು ಮನೆ ಹತ್ತಿರವೇ ತೋಳ ಸಾಕಿದ. ನಮ್ಮ ಕಡೆಯ ಕುರಿಗಾರರಿಗೆ ಇದನ್ನು ಹೇಳಿದರೆ ನನ್ನನ್ನೇ ಹುಚ್ಚ ಅಂದಾರು.

ಒಂದು ದಿನ ನನ್ನ ಜೊತೆ ಕೆಲಸ ಮಾಡೋ ಹುಡುಗ ಮೇಸನ್‌ನ ವಾಟರ್‌ವಾಕರ್ ಚಿತ್ರ ನೋಡುತ್ತಾ ಕೇಳಿದ: "ಅಣ್ಣಾ, ಇಂವ ಒಬ್ಬನೇ ಅದಾನ ಅಂತಾನ, ಮತ್ತ ಕ್ಯಾಮೆರಾ ಯಾರ್ ಹಿಡದಾರ?" ನಮ್ಮ ಕಸುಬಿನವರಿಗೆ ಮಾತ್ರ ಬರೋ ಪ್ರಶ್ನೆ. ಕೆಂಪು ದೋಣಿ, ದೊಡ್ಡ ಸರೋವರ, ನಡುವೆ ಒಬ್ಬನೇ ಮನುಷ್ಯ. ಅಂಥ ಶಾಟ್ ಒಬ್ಬನೇ ತೆಗೆಯಬೇಕಾದರೆ ಟ್ರೈಪಾಡ್ ದಂಡೆಯಲ್ಲಿಟ್ಟು, ಕ್ಯಾಮೆರಾ ಆನ್ ಮಾಡಿ, ದೋಣಿ ಹತ್ತಿ, ಫ್ರೇಮ್ ದಾಟಿ, ಮತ್ತೆ ವಾಪಸ್ ಬರಬೇಕು. 100 ಅಡಿಯ 16 ಎಂಎಂ ರೀಲು ಮೂರು ನಿಮಿಷವೂ ಓಡಲ್ಲ. ಹಾಗಾಗಿ ಎಷ್ಟೋ ಕಡೆ ಕ್ಯಾಮೆರಾ ಹಿಂದೆ ಇದ್ದವನು ಗೆಳೆಯ ಕೆನ್ ಬಕ್. ಇದು ಮೋಸ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಅನ್ನಿಸಲ್ಲ. ನಾವು ಗಾಣಗಾಪುರದ ಸಂಗಮದ ಹತ್ತಿರ ಪ್ರೀ-ವೆಡ್ಡಿಂಗ್ ಶೂಟ್ ಮಾಡುವಾಗ ಆ ಜೋಡಿ ಲೋಕದಲ್ಲಿ ಇಬ್ಬರೇ ಇರೋ ಹಾಗೆ ತೋರಿಸ್ತೀವಿ, ಪಕ್ಕದಲ್ಲಿ ಹುಡುಗಿಯ ಮಾವ, ರಿಫ್ಲೆಕ್ಟರ್ ಹಿಡಿದ ಹುಡುಗ, ಚಹಾದ ಫ್ಲಾಸ್ಕ್ ಎಲ್ಲಾ ಇರುತ್ತೆ.

ಅವನು ದೋಣಿಗೆ ಹುಟ್ಟು ಹಾಕೋದನ್ನು ಕಲಿಸುವ ಪಾಥ್ ಆಫ್ ದ ಪ್ಯಾಡಲ್ ಸರಣಿ (1977) ನನಗೆ ಎಲ್ಲಕ್ಕಿಂತ ಇಷ್ಟ. ಒಬ್ಬನೇ ಕೂತು ಬಲಗಡೆ ಮಾತ್ರ ಹುಟ್ಟು ಹಾಕಿದರೆ ದೋಣಿಯ ಮೂತಿ ಎಡಕ್ಕೆ ತಿರುಗುತ್ತೆ ಅಲ್ವಾ? ಅದಕ್ಕೆ ಪ್ರತಿ ಸಲ ಹುಟ್ಟು ಹಿಂದಕ್ಕೆ ಬಂದಾಗ ಮೇಲಿನ ಕೈಯ ಹೆಬ್ಬೆರಳು ಕೆಳಕ್ಕೆ ಬರೋ ಹಾಗೆ ಮಣಿಕಟ್ಟು ತಿರುವಿ, ಹುಟ್ಟಿನ ಅಲಗಿನಿಂದ ನೀರನ್ನು ಹೊರಗೆ ಒತ್ತಬೇಕು. ಮೂತಿ ಮತ್ತೆ ನೇರ. ಇದೇ ಜೆ ಸ್ಟ್ರೋಕ್. ಅವನ ಕೈಯಲ್ಲಿ ಅದು ನಡೆಯುತ್ತಿದೆ ಅಂತಲೇ ಗೊತ್ತಾಗಲ್ಲ. ತಿಂಥಣಿ ಕಡೆ ಕೃಷ್ಣೆಯಲ್ಲಿ ಹರಗೋಲು ನೋಡಿದವರಿಗೆ ಇದರ ಬೆಲೆ ಗೊತ್ತು. ದುಂಡನೆಯ ಹರಗೋಲಿಗೆ ಮೂತಿಯೇ ಇಲ್ಲ, ಸ್ವಲ್ಪ ತಪ್ಪಿದರೆ ನಿಂತಲ್ಲೇ ಗಿರಗಿರ.

ದಿ ರೈಸ್ ಆ್ಯಂಡ್ ಫಾಲ್ ಆಫ್ ದ ಗ್ರೇಟ್ ಲೇಕ್ಸ್ (1968) ಪಕ್ಕಾ ತಮಾಷೆ. ದೋಣಿಯವನ ಕಣ್ಣೆದುರೇ ಹಿಮಯುಗ ಬರುತ್ತೆ, ಹೋಗುತ್ತೆ, ನೀರು ಏರುತ್ತೆ, ಇಳಿಯುತ್ತೆ, ಪಾಪ ಅವನು ಒದ್ದಾಡ್ತಾನೆ. ಕೊನೆಗೆ ಸರೋವರದ ನೀರು ಕುಡಿಯೋಕೆ ಹೋದರೆ ಅದು ಹೊಲಸು. ನಾನು ನಕ್ಕೆ, ಆಮೇಲೆ ಭೀಮಾ ನೆನಪಾಯ್ತು. ಉಜನಿ ಡ್ಯಾಂನಿಂದ ನೀರು ಬಿಟ್ಟರು ಅಂದಾಗ ಮಾತ್ರ ನಮಗೆ ಈ ನದಿ ಸುದ್ದಿ. 2020ರ ಅಕ್ಟೋಬರ್ ಪ್ರವಾಹದಲ್ಲಿ ಊಟದ ಹೊತ್ತಿಗೂ ಅದೇ ಮಾತು, ನೀರು ಇಳಿದ ಮೇಲೆ ಯಾರೂ ತಿರುಗಿ ನೋಡಲಿಲ್ಲ. ಭೀಮೆ ಸುಮ್ನೆ ಹರಿಯೋದನ್ನು ನಮ್ಮಲ್ಲಿ ಯಾರಾದರೂ ಅರ್ಧ ಗಂಟೆ ಕ್ಯಾಮೆರಾದಲ್ಲಿ ಹಿಡಿದಿದ್ದಾರಾ? ನನ್ನ ಹಾರ್ಡ್ ಡಿಸ್ಕಿನಲ್ಲಿ ಭೀಮೆ ಇರೋದು ಮದುಮಕ್ಕಳ ಬೆನ್ನ ಹಿಂದೆ ಮಾತ್ರ, ಅದೂ ಬ್ಲರ್ ಆಗಿ.

1984ರ ವಾಟರ್‌ವಾಕರ್ ಆದ ಮೇಲೆ ಸಿನಿಮಾ ಬಿಟ್ಟು ಮತ್ತೆ ಚಿತ್ರ ಬರೆಯೋಕೆ ಕೂತ. ಬ್ರಷ್‌ಗಿಂತ ಪ್ಯಾಲೆಟ್ ನೈಫ್, ಅಂದರೆ ಬಣ್ಣ ಬಳಿಯೋ ಚಪ್ಪಟೆ ಚಾಕು, ಜಾಸ್ತಿ. ಹೆಸರು ಬಂದ ಕಸುಬನ್ನು ಹಾಗೆ ಕೈಬಿಡೋಕೆ ಗುಂಡಿಗೆ ಬೇಕು. ಆ ಕಾಲ ಅವನಿಗೆ ಹೆಚ್ಚು ಸಿಗಲಿಲ್ಲ, ಕ್ಯಾನ್ಸರ್ ಬಂತು. 1988ರಲ್ಲಿ ಮನೆಯವರು, ಗೆಳೆಯರ ಜೊತೆ ನಹಾನಿ ನದಿಯಲ್ಲಿ ಕೊನೆಯ ಸಲ ದೋಣಿ ನಡೆಸಿದ. ಅದೇ ಅಕ್ಟೋಬರ್‌ನಲ್ಲಿ ಹೋದ. 59 ವರ್ಷ.

ನೋಡೋದಾದರೆ ಗೊಂಬೆ ದೋಣಿಯಿಂದ ಶುರು ಮಾಡಿ, ಇಂಗ್ಲಿಷ್ ಬರದಿದ್ದರೂ ನಡೆಯುತ್ತೆ, ಮಕ್ಕಳನ್ನೂ ಕೂರಿಸಿಕೊಳ್ಳಿ. ವಾಟರ್‌ವಾಕರ್ ಆಮೇಲೆ. ಅದರಲ್ಲಿ ದೇವರ ಮಾತು ಸ್ವಲ್ಪ ಜಾಸ್ತಿ, ಆದರೆ ಸೂಪೀರಿಯರ್ ಸರೋವರದ ಅಲೆಗಳು ಬಂದಾಗ ಫೋನಿನಲ್ಲಿ ನೋಡಬೇಡಿ, ಟಿವಿಗೆ ಹಾಕಿ.